ಬಜೆಟ್ ಕಡಿತದ ವಿರುದ್ಧ ದನಿ ಎತ್ತುವುದು ಹೇಗೆ

ಬಜೆಟ್ ದಿನ ಕೋಪ ಬರುವುದು ಸಹಜ. ಆ ಕೋಪ ಕೆಲಸಕ್ಕೆ ಬರಬೇಕು ಅಂದ್ರೆ ಮೊದಲು ಭಾಷಣ ಬದಿಗಿಟ್ಟು, ಇಲಾಖೆವಾರು ಖರ್ಚಿನ ಪಟ್ಟಿಯನ್ನು ನೀವೇ ತೆಗೆದು ನೋಡಿ.

ಒಂದು ಯೋಜನೆಗೆ ಹೋದ ವರ್ಷ 100 ಕೋಟಿ, ಈ ವರ್ಷ 103 ಕೋಟಿ ಅಂದುಕೊಳ್ಳಿ. ಜಾಸ್ತಿ ಆದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಬೆಲೆಗಳು ಶೇ. 6ರಷ್ಟು ಏರಿದ್ದರೆ ಅದೇ ಕೆಲಸಕ್ಕೆ 106 ಕೋಟಿ ಬೇಕು, ಹಾಗಾಗಿ ಇದು ಕಡಿತವೇ. ನನಗೆ ಜಾಸ್ತಿ ಭಯ ಇಂಥ ಕಡಿತದ್ದೇ, ಯಾಕೆಂದರೆ ಇದನ್ನು ಯಾರೂ ಘೋಷಿಸುವುದಿಲ್ಲ. ಮೀಸಲಿಟ್ಟ ಹಣವನ್ನಷ್ಟೇ ನೋಡಬೇಡಿ. ವರ್ಷದ ಕೊನೆಗೆ ನಿಜವಾಗಿ ಖರ್ಚಾದದ್ದು ಎಷ್ಟು ಅಂತಲೂ ನೋಡಿ.

ಆಮೇಲೆ ಒಂದೇ ವಿಷಯ ಹಿಡಿಯಿರಿ. 'ಬಜೆಟ್ ಸರಿಯಿಲ್ಲ' ಅಂತ ಸುಮ್ನೆ ಬರೆದರೆ ಯಾರೂ ಉತ್ತರ ಕೊಡುವುದಿಲ್ಲ. ಯಾವ ಯೋಜನೆ, ಎಷ್ಟು ಕಡಿತ, ಯಾರಿಗೆ ಪೆಟ್ಟು ಅಂತ ಬರೆದು, ಸಂಸತ್ತಿನಲ್ಲಿ ಮತದಾನ ಆಗುವ ಮೊದಲೇ ನಿಮ್ಮ ಪ್ರತಿನಿಧಿಗೆ ಕಳಿಸಿ. ಮತ ಬಿದ್ದ ಮೇಲೆ ಬದಲಾವಣೆ ತುಂಬಾ ಕಷ್ಟ.

2024ರಲ್ಲಿ ಕೆನ್ಯಾದ ಯುವಜನ, ತೆರಿಗೆ ಏರಿಸುವ ಹಣಕಾಸು ಮಸೂದೆಯನ್ನು ಸ್ಥಳೀಯ ಭಾಷೆಗಳಿಗೆ ತಂದು, ಚಿಕ್ಕ ವಿಡಿಯೋಗಳಲ್ಲಿ ವಿವರಿಸಿ ಹಂಚಿದರು. ಸಂಸತ್ತು ಅಂಗೀಕರಿಸಿದ್ದರೂ, ಜನ ಜೀವ ಕಳೆದುಕೊಂಡ ಪ್ರತಿಭಟನೆಗಳ ನಂತರ ಅಧ್ಯಕ್ಷ ರುಟೊ ಸಹಿ ಹಾಕದೆ ಅದನ್ನು ಹಿಂತೆಗೆದುಕೊಂಡರು. ಅದಕ್ಕೆ ತೆತ್ತ ಬೆಲೆ ದೊಡ್ಡದಾಗಿತ್ತು. ಅದಕ್ಕೇ ಬೇಗ ಶುರು ಮಾಡಿ, ಶಾಂತವಾಗಿ ಮಾಡಿ.

ಹಾಗೇ, ಕಡಿತ ಬೇಡ ಅಂದರೆ ಹಣ ಎಲ್ಲಿಂದ ಬರಬೇಕು ಅನ್ನುವುದಕ್ಕೂ ಒಂದು ಸಾಲು ಸೇರಿಸಿ. ಸಚಿವರು ಮೊದಲು ಕೇಳುವುದೇ ಅದನ್ನು.