ಹತ್ತು ವರ್ಷದ ಹುಡುಗಿಯ ಕಥೆಗೆ ಕ್ಯಾಮೆರಾ ಇಡುವುದು ಹೇಗೆ?

ನಮ್ಮ ಜನಪ್ರಿಯ ಸಿನಿಮಾಗಳಲ್ಲಿ ಹುಡುಗಿಯ ಬಾಲ್ಯ ಎಷ್ಟೋ ಸಲ ಒಂದೇ ಕಟ್‌ನಲ್ಲಿ ಮುಗಿದುಹೋಗುತ್ತದೆ. ಲಂಗ ಎತ್ತಿಕೊಂಡು ಓಡುವ ಪುಟ್ಟ ಕಾಲುಗಳು, ಮರುಕ್ಷಣವೇ ಬೆಳೆದುನಿಂತ ನಾಯಕಿಯ ಕಾಲುಗಳು. ಕಿರುಚಿತ್ರ ಮಾಡುವವರಿಗೆ ಕಥೆ ಸಿಗುವುದು ಆ ಕಟ್ ನುಂಗಿದ ವರ್ಷಗಳಲ್ಲೇ.

ಸ್ಕ್ರಿಪ್ಟ್ ಬರೆಯುವಾಗ ಅವಳಿಗೆ ಏನು ಬೇಕು ಅನ್ನುವುದನ್ನು ಒಂದು ವಾಕ್ಯದಲ್ಲಿ ಇಳಿಸಿ. ಅದು ಕಣ್ಣಿಗೆ ಕಾಣುವಂಥದ್ದಾಗಿರಲಿ: ಅಣ್ಣನ ಸೈಕಲ್, ಪಕ್ಕದ ಹಿತ್ತಲಿನ ಸೀಬೆಹಣ್ಣು, ಕಬಡ್ಡಿ ತಂಡದಲ್ಲೊಂದು ಜಾಗ. ‘ಸ್ವಾತಂತ್ರ್ಯ ಬೇಕು’ ಎಂದು ಬರೆದರೆ ಅದು ನಿಮ್ಮ ಮಾತು, ಅವಳದ್ದಲ್ಲ. ಸತ್ಯಜಿತ್ ರಾಯ್ ಅವರ ಸಿನಿಮಾ ‘ಪಥೇರ್ ಪಾಂಚಾಲಿ’ಯಲ್ಲಿ (1955) ಹುಡುಗಿ ದುರ್ಗಾ ಮಣಿಸರ ಕದ್ದದ್ದು ಖಚಿತವಾಗುವುದು ಅವಳು ಸತ್ತ ಮೇಲೆ, ಬಚ್ಚಿಟ್ಟ ಸರ ತಮ್ಮನ ಕೈಗೆ ಸಿಕ್ಕಾಗ. ಅವನು ಅದನ್ನು ಕೊಳಕ್ಕೆ ಎಸೆದುಬಿಡುತ್ತಾನೆ. ಒಂದು ಮಾತಿಲ್ಲದೆ ಅವಳ ಆಸೆಯೂ ಅವನ ಪ್ರೀತಿಯೂ ತಿಳಿಯುತ್ತದೆ. ಒಂದು ವಸ್ತುವಿನಿಂದ ಇಷ್ಟು ಕೆಲಸ ತೆಗೆಯಬಹುದು.

ಮೈನೆರೆಯುವ ಸಂದರ್ಭವಿದ್ದರೆ ರಕ್ತದ ಕಲೆಯ ಕ್ಲೋಸಪ್ ಬೇಡ, ಆರತಿಯ ಸ್ಲೋಮೋಷನ್ನೂ ಬೇಡ. ನಿನ್ನೆಯವರೆಗೆ ಅವಳು ಓಡಾಡುತ್ತಿದ್ದ ಯಾವ ಬಾಗಿಲು ಇವತ್ತು ಮುಚ್ಚಿತು ಅನ್ನುವುದನ್ನು ತೋರಿಸಿ. ಅದಕ್ಕಾಗಿ ಆ ಬಾಗಿಲನ್ನು ಮೊದಲೇ ಎರಡು ದೃಶ್ಯಗಳಲ್ಲಿ ತಂದಿರಬೇಕು.

ಕ್ಯಾಮೆರಾದ ಎತ್ತರದಲ್ಲೇ ಹೆಚ್ಚಿನವರು ಎಡವುವುದು. ಹತ್ತು ವರ್ಷದ ಹುಡುಗಿ ನಿಂತಾಗ ಕಣ್ಣಿನ ಮಟ್ಟ ಸುಮಾರು 125 ಸೆಂ.ಮೀ., ನೆಲದ ಮೇಲೆ ಕೂತರೆ ಅದರ ಅರ್ಧದಷ್ಟು. ನಿಮ್ಮ ನಿಲುವಿಗೆ ಟ್ರೈಪಾಡ್ ಇಟ್ಟರೆ ಪ್ರತಿ ಶಾಟ್‌ನಲ್ಲೂ ಅವಳು ದೊಡ್ಡವರು ಕೆಳಗೆ ನೋಡುವ ಮುದ್ದುಮಗುವಾಗುತ್ತಾಳೆ. ಲೆನ್ಸನ್ನು ಅವಳ ಕಣ್ಣಿನ ಮಟ್ಟಕ್ಕೆ ಇಳಿಸಿ. ನೆಲದ ದೃಶ್ಯಕ್ಕೆ ಕ್ಯಾಮೆರಾ ಇಡಲು ಅಕ್ಕಿ ತುಂಬಿದ ಚೀಲ ಸಾಕು. ದೊಡ್ಡವರ ತಲೆ ಫ್ರೇಮಿನಿಂದಾಚೆ ಹೋದರೆ ಹೋಗಲಿ. ಫುಲ್‌ಫ್ರೇಮ್‌ (ದೊಡ್ಡ ಸೆನ್ಸರಿನ) ಕ್ಯಾಮೆರಾಗೆ 35 ಅಥವಾ 50 ಎಂ.ಎಂ. ಲೆನ್ಸ್ ಒಳ್ಳೆಯದು. 24 ಎಂ.ಎಂ. ವೈಡ್ ಲೆನ್ಸ್‌ನಲ್ಲಿ ಹತ್ತಿರ ಹೋದರೆ ಮೂಗು ಉಬ್ಬಿ ಗೊಂಬೆಮುಖವಾಗುತ್ತದೆ.

ಕಲ್ಲಾಟವನ್ನೇ ತೆಗೆದುಕೊಳ್ಳಿ. ಒಂದು ಕಲ್ಲು ಮೇಲೆ ಹಾರಿಸಿ, ಅದು ಬೀಳುವಷ್ಟರಲ್ಲಿ ನೆಲದ ಕಲ್ಲನ್ನು ಬಾಚಿ, ಹಾರಿಸಿದ್ದನ್ನು ಹಿಡಿಯಬೇಕು. ಕಣ್ಣು ಮೇಲೆ, ಬೆರಳು ಕೆಳಗೆ, ತುಟಿ ಬಿಗಿದಿರುತ್ತದೆ. ಮುಖ, ಕೈ ಎರಡೂ ಒಂದೇ ಫ್ರೇಮಿನಲ್ಲಿ ಇದ್ದರೆ ಮಾತ್ರ ಅವಳ ಏಕಾಗ್ರತೆ ಕಾಣುತ್ತದೆ. ಕೈ ಬೇರೆ, ಮುಖ ಬೇರೆ ಎಂದು ತೆಗೆದರೆ ನೆಲದ ಮೇಲಿನ ಕಲ್ಲುಗಳ ಲೆಕ್ಕವೂ ಶಾಟ್‌ನಿಂದ ಶಾಟ್‌ಗೆ ತಪ್ಪುತ್ತದೆ. ಅವಳಿಗೆ ನಿಜವಾಗಿ ಆಡಲು ಬಿಡಿ, ಕಲ್ಲು ತಪ್ಪಿದರೂ ಕಟ್ ಹೇಳಬೇಡಿ. ತಪ್ಪಿದ ಮೇಲಿನ ಆ ಮುಖ ಅಭಿನಯಿಸಿ ಬರುವಂಥದ್ದಲ್ಲ.

ಉಡುಪು ಹೊಸದಾಗಿದ್ದರೆ ಸುಳ್ಳು ಅನಿಸುತ್ತದೆ. ಯೂನಿಫಾರ್ಮಿನ ಸ್ಕರ್ಟ್‌ನಲ್ಲಿ ಮಡಿಕೆ ಬಿಚ್ಚಿ ಉದ್ದ ಮಾಡಿದ ಗೆರೆ, ಬಣ್ಣ ಮಾಸದ ಪಟ್ಟಿ, ಕಾಣಬೇಕು. ಅಳುವ ದೃಶ್ಯಕ್ಕಾಗಿ ಮಗುವನ್ನು ಹೆದರಿಸುವುದು, ಅವಮಾನಿಸುವುದು ಕ್ರೌರ್ಯ. ಹಿಂದಿನಿಂದ ಭುಜ, ಜಡೆಯ ಶಾಟ್ ತೆಗೆಯಿರಿ, ಸಾಕು.

ಹದಿನಾಲ್ಕು ತುಂಬದ ಮಕ್ಕಳಿಗೆ 2017ರ ಬಾಲಕಾರ್ಮಿಕ ನಿಯಮಗಳು ಅನ್ವಯಿಸುತ್ತವೆ. ಶೂಟಿಂಗ್ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ 5 ಗಂಟೆ ಮೀರಬಾರದು, ವಿಶ್ರಾಂತಿಯಿಲ್ಲದೆ 3 ಗಂಟೆ ದಾಟಬಾರದು. ಸಂಭಾವನೆಯ ಕನಿಷ್ಠ ಶೇ. 20 ಭಾಗ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ಹೋಗಬೇಕು. ಸಿಗುವುದು ಐದೇ ಗಂಟೆಯಾದ್ದರಿಂದ ಅವಳ ಶಾಟ್‌ಗಳನ್ನು ಬೆಳಿಗ್ಗೆಯೇ ಮುಗಿಸುವಂತೆ ಪಟ್ಟಿ ಮಾಡಿ.

ದನಿಯನ್ನು ಮಾತ್ರ ಡಬ್ಬಿಂಗ್‌ಗೆ ಬಿಡಬೇಡಿ. ದೊಡ್ಡವರು ಕೀರಲು ದನಿಯಲ್ಲಿ ಮಾತಾಡಿದರೆ ಇಷ್ಟೂ ಶ್ರಮ ವ್ಯರ್ಥ. ಲೇಪಲ್ ಮೈಕನ್ನು (ಉಡುಪಿಗೆ ಸಿಕ್ಕಿಸುವ ಪುಟ್ಟ ಮೈಕ್) ಬಟ್ಟೆಗೆ ಉಜ್ಜದಂತೆ ಮೆಡಿಕಲ್ ಟೇಪಿನಿಂದ ಅಂಟಿಸಿ, ಅವಳು ತನ್ನೂರಿನ ಕನ್ನಡದಲ್ಲೇ ಮಾತಾಡಲಿ.