ನಾಯಿ ಜೊತೆ ಫ್ರೀಮಾಂಟ್ ಓಲ್ಡರ್ ಹತ್ತುವವರಿಗೆ

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋ ಕಡೆ ಇರುವವರಿಗೆ ಒಂದು ಮಾತು. ರಾಂಚೋ ಸ್ಯಾನ್ ಆಂಟೋನಿಯೋ ಪಾರ್ಕಿನಲ್ಲಿ ನಾಯಿ ಬಿಡುವುದಿಲ್ಲ, ಸುಮ್ನೆ ಗೇಟಿನಿಂದ ವಾಪಸ್ ಬರಬೇಡಿ. ಫ್ರೀಮಾಂಟ್ ಓಲ್ಡರ್ ಗುಡ್ಡಕ್ಕೆ ಹೋಗಿ, ಅಲ್ಲಿ ನಾಯಿ ಬಿಡುತ್ತಾರೆ. ನಾಯಿಗೆ ಲೀಶ್ (ಹಿಡಿದುಕೊಳ್ಳುವ ಹಗ್ಗ) ಹಾಕಿರಬೇಕು, ಅದು 6 ಅಡಿ ಮೀರಬಾರದು. ಅಲ್ಲಿನ ಹಂಟರ್ಸ್ ಪಾಯಿಂಟ್ ಅನ್ನುವ ತುದಿಯ ಹತ್ತಿರ ನೆರಳು ಕಡಿಮೆ, ನಾಯಿಗೂ ನೀರು ಇಟ್ಟುಕೊಳ್ಳಿ.

ಜಾಸ್ತಿ ಹುಷಾರಾಗಿರಬೇಕಾದ್ದು ಪಾಯ್ಸನ್ ಓಕ್ ಬಗ್ಗೆ, ಮುಟ್ಟಿದರೆ ಮೈಮೇಲೆ ಗುಳ್ಳೆ ಏಳಿಸುವ ಗಿಡ ಅದು. ಮೂರು ಮೂರು ಎಲೆ ಇರುತ್ತದೆ. ನಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಆ ಗಿಡದ ಎಣ್ಣೆ ಅದರ ಕೂದಲಿಗೆ ಅಂಟಿ ಮನೆಗೆ ಬರುತ್ತದೆ. ನನ್ನ ಮಗಳು ಕಾರಿನಲ್ಲಿ ನಾಯಿಯನ್ನು ತಬ್ಬಿಕೊಂಡೇ ಬಂದಳು. ಎರಡು ದಿನಕ್ಕೆ ಮೊಣಕೈತನಕ ಕೆಂಪು ಗುಳ್ಳೆ! ಈಗ ಸೀಟಿಗೆ ಹಳೇ ಬೆಡ್‌ಶೀಟ್ ಹಾಸುತ್ತೇವೆ, ಮನೆಗೆ ಬಂದಕೂಡಲೇ ಗ್ಲೌಸ್ ಹಾಕಿಕೊಂಡು ನಾಯಿಗೆ ಶಾಂಪೂ ಸ್ನಾನ.

ಬೇಸಿಗೆಯಲ್ಲಿ ನಾಯಿಯ ಬೆರಳ ಸಂದು, ಕಿವಿ ಕೂಡ ನೋಡಿ. ಫಾಕ್ಸ್‌ಟೇಲ್ ಹುಲ್ಲಿನ ಮುಳ್ಳು ಹೊಕ್ಕರೆ ಒಳಗೇ ಹೋಗುತ್ತದೆ, ತಾನಾಗಿ ಹೊರಬರುವುದಿಲ್ಲ.