ಅಳತೆಯಿಂದ ಆರಂಭ: ಡಿಜಿಟಲ್ ಗ್ರಾಫಿಕ್ಸ್ ಕಲಿಯುವವರಿಗೆ ಮೊದಲ ಮೂರು ವಿನ್ಯಾಸಗಳು

ಡಿಜಿಟಲ್ ಗ್ರಾಫಿಕ್ಸ್‌ನ ಆರಂಭಿಕ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೂರು ಬಗೆಯ ಕೆಲಸಗಳನ್ನು ಕೊಡುತ್ತಾರೆ. ಗೆರೆಗಳಿಂದ ಕಟ್ಟುವ ಒಂದು ಚಿತ್ತಾರ, ಅಕ್ಷರಗಳೇ ಮುಖ್ಯವಾದ ಒಂದು ಪೋಸ್ಟರ್, ಹಳೆಯ ಛಾಯಾಚಿತ್ರವೊಂದನ್ನು ತಿದ್ದುವ ಅಭ್ಯಾಸ. ಇವನ್ನು ಹಲವು ವರ್ಷಗಳಿಂದ ಕಲಿಸುತ್ತ ಬಂದಿರುವ ನಾನು ಕಂಡಂತೆ, ಹೆಚ್ಚಿನವರು ಕಂಪ್ಯೂಟರ್ ತೆರೆದೊಡನೆ ಬಣ್ಣ ಮತ್ತು ಫಾಂಟ್ ಹುಡುಕುವುದಕ್ಕೆ ತೊಡಗುತ್ತಾರೆ; ಕಾಗದದ ಅಳತೆ ಎಷ್ಟು ಎಂಬ ಪ್ರಶ್ನೆ ಅವರಿಗೆ ಎದುರಾಗುವುದು ಪ್ರಿಂಟ್ ತೆಗೆಸಲು ಅಂಗಡಿಯ ಮುಂದೆ ನಿಂತಾಗ. ಈ ಕ್ರಮವನ್ನು ತಿರುಗಿಸಬೇಕು ಎಂಬುದೇ ಈ ಬರಹದ ಒತ್ತಾಯ. ಕಸೂತಿಗೆ ಎಳೆಗಳ ಲೆಕ್ಕವಿದೆ, ಕನ್ನಡ ಅಕ್ಷರಕ್ಕೆ ಒತ್ತಿನ ಆಳವಿದೆ, ಛಾಯಾಚಿತ್ರಕ್ಕೆ ಪಿಕ್ಸೆಲ್‌ಗಳ ಮಿತಿಯಿದೆ. ಆ ಅಳತೆಯನ್ನು ಮೊದಲು ತಿಳಿದುಕೊಂಡವರ ಕೆಲಸ ಅರ್ಧದಷ್ಟು ಅಲ್ಲಿಯೇ ಮುಗಿದಿರುತ್ತದೆ.

ಇಲ್ಲಿ ಇಂಕ್‌ಸ್ಕೇಪ್ ಮತ್ತು ಗಿಂಪ್ ತಂತ್ರಾಂಶಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಎರಡೂ ಉಚಿತವಾಗಿ ದೊರೆಯುವುದರಿಂದ ಮನೆಯ ಕಂಪ್ಯೂಟರಿನಲ್ಲಿಯೂ ಅಭ್ಯಾಸ ಮುಂದುವರಿಸಬಹುದು. ಇಂಕ್‌ಸ್ಕೇಪ್ ಗೆರೆಗಳನ್ನು ಗಣಿತದ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ಅದರಲ್ಲಿ ಬರೆದ ಚಿತ್ರ ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಗಿಂಪ್ ಚಿತ್ರವನ್ನು ಸಣ್ಣ ಚೌಕಗಳ, ಅಂದರೆ ಪಿಕ್ಸೆಲ್‌ಗಳ ರಾಶಿಯಾಗಿ ಇಟ್ಟುಕೊಳ್ಳುತ್ತದೆ. ಚಿತ್ತಾರ ಮತ್ತು ಪೋಸ್ಟರ್ ಇಂಕ್‌ಸ್ಕೇಪಿನ ಕೆಲಸ, ಛಾಯಾಚಿತ್ರ ಗಿಂಪಿನ ಕೆಲಸ. ಕೋರೆಲ್‌ಡ್ರಾ, ಇಲ್ಲಸ್ಟ್ರೇಟರ್ ಅಥವಾ ಫೋಟೋಶಾಪ್ ಬಳಸುವವರಿಗೆ ಇದೇ ಸಲಕರಣೆಗಳು ಬೇರೆ ಹೆಸರುಗಳಲ್ಲಿ ಸಿಗುತ್ತವೆ.

ಮೊದಲ ಕೆಲಸ: ಕಸೂತಿಯ ಗೋಪುರ

ಮೊದಲ ಚಿತ್ತಾರಕ್ಕೆ ಧಾರವಾಡ ಸೀಮೆಯ ಕಸೂತಿಗಿಂತ ಒಳ್ಳೆಯ ವಸ್ತುವನ್ನು ನಾನು ಕಂಡಿಲ್ಲ. ಕಸೂತಿ ಹಾಕುವವರು ಬಟ್ಟೆಯ ಮೇಲೆ ನಕ್ಷೆಯನ್ನು ಬರೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಸೂಜಿ ಓಡಿಸುತ್ತಾರೆ. ಹಾಗಾಗಿ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಲ್ಲವೂ ಅಡ್ಡ, ಉದ್ದ ಮತ್ತು ಓರೆ ಗೆರೆಗಳಲ್ಲಿಯೇ ರೂಪುಗೊಳ್ಳುತ್ತವೆ. ಕಂಪ್ಯೂಟರಿನ ಗ್ರಿಡ್, ಅಂದರೆ ಪರದೆಯ ಮೇಲಿನ ಚೌಕುಳಿ ಗೆರೆಗಳ ಜಾಲ, ಈ ಎಳೆಗಳ ಲೆಕ್ಕವೇ ಆಗಿರುವುದರಿಂದ, ಕಸೂತಿಯನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿಗೆ ಗ್ರಿಡ್‌ನ ಉಪಯೋಗವನ್ನು ಪ್ರತ್ಯೇಕವಾಗಿ ವಿವರಿಸುವ ಅಗತ್ಯ ಬೀಳುವುದಿಲ್ಲ.

ಕಂಪ್ಯೂಟರ್ ಮುಟ್ಟುವ ಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಗೋಪುರದ ಎಡಭಾಗವನ್ನಷ್ಟೇ ಬರೆಯಿರಿ. ಮನೆಯಲ್ಲಿ ಕಸೂತಿ ಹಾಕಿದ ಇಳಕಲ್ ಸೀರೆಯೋ ಚಂದ್ರಕಾಳಿ ಸೀರೆಯೋ ಇದ್ದರೆ ಅದನ್ನು ಎದುರಿಗೆ ಹರಡಿಕೊಂಡು ಎಳೆಗಳನ್ನು ಎಣಿಸುವುದು ಇನ್ನೂ ಒಳ್ಳೆಯದು. ಬಳಿಕ ಇಂಕ್‌ಸ್ಕೇಪಿನಲ್ಲಿ 200 ಮಿಲಿಮೀಟರ್ ಅಗಲ, ಅಷ್ಟೇ ಎತ್ತರದ ಪುಟವನ್ನು ತೆರೆದು, ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ 5 ಮಿಲಿಮೀಟರ್ ಅಂತರದ ಗ್ರಿಡ್ ಹಾಕಿಕೊಳ್ಳಿ. ಪುಟದಲ್ಲಿ ಈಗ ಅಡ್ಡಕ್ಕೆ 40, ಉದ್ದಕ್ಕೆ 40 ಮನೆಗಳಿರುತ್ತವೆ. ಗೆರೆಯ ತುದಿಗಳು ಗ್ರಿಡ್‌ಗೆ ತಾನಾಗಿ ಅಂಟಿಕೊಳ್ಳುವಂತೆ ಸ್ನ್ಯಾಪಿಂಗ್ ಅನ್ನು ಚಾಲನೆಯಲ್ಲಿಡಿ. ಇದನ್ನು ಮರೆತವರ ಗೆರೆಗಳು ನೋಟಕ್ಕೆ ಕೂಡಿದಂತೆ ಕಂಡರೂ ಹಿಗ್ಗಿಸಿದಾಗ ಕೂದಲೆಳೆಯಷ್ಟು ಬಿಟ್ಟುಕೊಂಡಿರುತ್ತವೆ.

ಕಸೂತಿಯ ನಾಲ್ಕು ಹೊಲಿಗೆಗಳಿಗೂ ಇಲ್ಲಿ ಸಮನಾದ ಕ್ರಮವಿದೆ. ಗವಂತಿಯನ್ನು ಒಂದೊಂದು ಮನೆ ದಾಟುವ ಸರಳ ಗೆರೆಗಳಿಂದಲೂ, ಮುರ್ಗಿಯನ್ನು ಮೆಟ್ಟಿಲಿನಂತೆ ಏರಿಳಿಯುವ ಗೆರೆಗಳಿಂದಲೂ, ನೇಗಿಯನ್ನು ನೇಯ್ಗೆಯಂತೆ ಒತ್ತೊತ್ತಾಗಿ ಸಾಗುವ ಸಮಾಂತರ ಗೆರೆಗಳಿಂದಲೂ, ಮೆಂತೆಯನ್ನು ಒಂದನ್ನೊಂದು ಕತ್ತರಿಸುವ ಓರೆ ಗೆರೆಗಳಿಂದಲೂ ಬರೆಯಬಹುದು. ಮೊದಲ ಅಭ್ಯಾಸಕ್ಕೆ ಗವಂತಿ ಮತ್ತು ಮುರ್ಗಿ ಸಾಕು. ಗೆರೆಯ ದಪ್ಪವನ್ನು 0.8 ಮಿಲಿಮೀಟರ್ ಇಟ್ಟು, ತುದಿಗಳನ್ನು ಗುಂಡಾಗಿಸಿದರೆ ದಾರದ ಭಾವ ಬರುತ್ತದೆ.

ಎಡಭಾಗ ಮುಗಿದ ಮೇಲೆ ಎಲ್ಲವನ್ನೂ ಆಯ್ದು, ಕಂಟ್ರೋಲ್ ಮತ್ತು ಡಿ ಒತ್ತಿ ಪ್ರತಿ ಮಾಡಿ, ಎಚ್ ಒತ್ತಿ ಕನ್ನಡಿಯಂತೆ ತಿರುಗಿಸಿ, ಬಲಕ್ಕೆ ಸರಿಸಿ ಕೂಡಿಸಿ. ಇಲ್ಲಿ ಒಂದು ಎಚ್ಚರಿಕೆ ಬೇಕು. ಗೋಪುರದ ನಡುವಿನ ಕಂಬದಂತೆ ಸರಿಯಾಗಿ ಮಧ್ಯರೇಖೆಯ ಮೇಲೆಯೇ ನಿಲ್ಲುವ ಗೆರೆಗಳನ್ನು ಎಡಭಾಗದೊಂದಿಗೆ ಪ್ರತಿ ಮಾಡಿದರೆ ಒಂದರ ಮೇಲೊಂದು ಎರಡು ಗೆರೆಗಳು ಕೂರುತ್ತವೆ. ಆ ಹೊತ್ತಿಗೆ ಏನೂ ಕಾಣುವುದಿಲ್ಲ. ಮುಂದೆ ಬಣ್ಣ ಬದಲಿಸಿದಾಗ ಮೇಲಿನದು ಮಾತ್ರ ಬದಲಾಗಿ, ಅಡಿಯ ಹಳೆಯ ಬಣ್ಣ ಅಂಚಿನಲ್ಲಿ ಇಣುಕುತ್ತದೆ. ಮಧ್ಯದ ಗೆರೆಗಳನ್ನೂ ಕಳಶವನ್ನೂ ಕೊನೆಯಲ್ಲಿ ಬೇರೆಯಾಗಿಯೇ ಬರೆಯಿರಿ.

ಈಗ ಇದೇ ಚಿತ್ತಾರವನ್ನು 20 ಮಿಲಿಮೀಟರಿಗೆ ಕುಗ್ಗಿಸಿ ನೋಡಿ. ವಸ್ತುವಿನೊಡನೆ ಗೆರೆಯ ದಪ್ಪವೂ ಕುಗ್ಗುವ ಆಯ್ಕೆಯನ್ನು ಆರಿಸಿದ್ದರೆ ಗೆರೆಗಳು 0.08 ಮಿಲಿಮೀಟರಿಗೆ ಇಳಿದು ಮುದ್ರಣದಲ್ಲಿ ಮಾಯವಾಗುತ್ತವೆ, ಆರಿಸದಿದ್ದರೆ 0.8 ಮಿಲಿಮೀಟರಿನ ದಪ್ಪವೇ ಉಳಿದು ಇಡೀ ಗೋಪುರ ಕಪ್ಪು ಮುದ್ದೆಯಾಗುತ್ತದೆ. ಎರಡೂ ಸಲ್ಲದು. ಸಣ್ಣ ಗಾತ್ರಕ್ಕೆ ಕಡಿಮೆ ಮನೆಗಳ, ಕಡಿಮೆ ಗೆರೆಗಳ ಇನ್ನೊಂದು ಗೋಪುರವನ್ನೇ ಬರೆಯಬೇಕು. ಈ ಎರಡನೆಯ ಗೋಪುರವನ್ನು ಬರೆದು ತಂದ ವಿದ್ಯಾರ್ಥಿಗೆ ನಾನು ಧಾರಾಳವಾಗಿ ಅಂಕ ಕೊಡುತ್ತೇನೆ, ಏಕೆಂದರೆ ಯಾವುದನ್ನು ಬಿಡಬೇಕು ಎಂದು ಆತ ಅಥವಾ ಆಕೆ ಅಲ್ಲಿ ಯೋಚಿಸಿದ್ದಾಗಿರುತ್ತದೆ. ಬಣ್ಣಕ್ಕಾಗಿ ಹೆಚ್ಚು ಅಲೆಯುವುದು ಬೇಡ. ಚಂದ್ರಕಾಳಿಯ ಕಪ್ಪು ನೆಲ, ಅದರ ಮೇಲೆ ಕೆಂಪು, ಕಿತ್ತಳೆ, ಹಸಿರಿನಲ್ಲಿ ಯಾವುದಾದರೂ ಎರಡು ದಾರ, ಇಷ್ಟು ಸಾಕಾಗುತ್ತದೆ.

ಎರಡನೆಯ ಕೆಲಸ: ಕನ್ನಡ ಅಕ್ಷರಗಳ ಪೋಸ್ಟರ್

ಪ್ರತಿವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ನಡೆಯುತ್ತದೆ. ನಿಮ್ಮ ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ, ಅಂದರೆ ಗ್ರಂಥಾಲಯದ, ಗೋಡೆಗೆ ಅಂಟಿಸಲು ಅದಕ್ಕೊಂದು ಪೋಸ್ಟರ್ ಮಾಡುವುದು ಎಂದು ಇಟ್ಟುಕೊಳ್ಳೋಣ. ಕಾಗದ ಎ3 ಆಗಿರಲಿ, ಅಂದರೆ 297 ಮಿಲಿಮೀಟರ್ ಅಗಲ, 420 ಮಿಲಿಮೀಟರ್ ಎತ್ತರ. ಹಿನ್ನೆಲೆಯ ಬಣ್ಣ ಅಂಚಿನವರೆಗೂ ಬರಬೇಕಿದ್ದರೆ ಸುತ್ತಲೂ 3 ಮಿಲಿಮೀಟರ್ ಹೆಚ್ಚಿಗೆ ಬಿಡಬೇಕು, ಏಕೆಂದರೆ ಕತ್ತರಿಸುವಾಗ ಯಂತ್ರ ಅಷ್ಟಿಷ್ಟು ಸರಿದರೂ ಬಿಳಿ ಪಟ್ಟಿ ಕಾಣಬಾರದು. ಅಕ್ಷರಗಳು ಮಾತ್ರ ಅಂಚಿನಿಂದ ಕನಿಷ್ಠ 15 ಮಿಲಿಮೀಟರ್ ಒಳಗೇ ಇರಲಿ.

ಬಳಿಕ ಒಂದು ಬಿಳಿ ಹಾಳೆಯಲ್ಲಿ ಪೋಸ್ಟರಿನ ಮಾತುಗಳನ್ನಷ್ಟೇ ಬರೆದು, ದಾರಿಹೋಕರಿಗೆ ಮೊದಲು ಯಾವುದು ಕಾಣಬೇಕು, ಹತ್ತಿರ ಬಂದ ಮೇಲೆ ಯಾವುದು, ನಿಂತು ಓದುವಾಗ ಯಾವುದು ಎಂದು ಒಂದು, ಎರಡು, ಮೂರು ಅಂಕಿ ಹಾಕಿ. ಕನ್ನಡದಲ್ಲಿ ಇಂಗ್ಲಿಷಿನಂತೆ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಒತ್ತು ಕೊಡಬೇಕಾದ ಮಾತನ್ನು ಗಾತ್ರ, ದಪ್ಪ, ಬಣ್ಣ ಮತ್ತು ಸುತ್ತಲಿನ ಖಾಲಿ ಜಾಗದಿಂದಲೇ ಎತ್ತಿ ತೋರಿಸಬೇಕು. ತಂತ್ರಾಂಶದಲ್ಲಿ ಅಕ್ಷರಗಳನ್ನು ಬಲವಂತವಾಗಿ ಓರೆಯಾಗಿಸುವುದು, ಜಾಗ ತುಂಬಲೆಂದು ಅಡ್ಡಕ್ಕೆ ಎಳೆಯುವುದು ಎರಡೂ ಅಕ್ಷರದ ದುಂಡನ್ನು ಕೆಡಿಸುತ್ತವೆ.

ಶೀರ್ಷಿಕೆಯನ್ನೇ ಹತ್ತಿರದಿಂದ ನೋಡಿ: ‘ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ’. ಮೂರು ಪದಗಳಲ್ಲಿಯೂ ಒತ್ತಕ್ಷರವಿದೆ. ‘ಷ್ಟ್ರೀ’ ಎಂಬಲ್ಲಿ ಟಕಾರದ ಒತ್ತು, ರಕಾರದ ಒತ್ತು ಎರಡೂ ಕೆಳಗೆ ಇಳಿಯುತ್ತವೆ, ಮೇಲೆ ಗುಡಿಸು ಏರುತ್ತದೆ. ಇಂಗ್ಲಿಷ್ ಅಕ್ಷರಗಳಿಗೆ ಹೊಂದುವ ಸಾಲಿನ ಅಂತರವನ್ನೇ ಇಲ್ಲಿಗೂ ಬಿಟ್ಟರೆ, ಈ ಒತ್ತುಗಳು ಕೆಳಗಿನ ಸಾಲಿನ ‘ಮಕ್ಕಳಿಗಾಗಿ’ ಎಂಬ ಪದದ ತಲೆಕಟ್ಟಿಗೂ ಗುಡಿಸಿಗೂ ತಾಗಿ, ಎರಡು ಸಾಲುಗಳು ಕೂಡಿಕೊಂಡು ಹೊಸದೇ ಒಂದು ಗೋಜಲು ಹುಟ್ಟುತ್ತದೆ. ಅಕ್ಷರ 72 ಪಾಯಿಂಟ್ ಇದ್ದರೆ ಸಾಲಿನ ಅಂತರವನ್ನು 108 ಪಾಯಿಂಟ್‌ನಿಂದ, ಎಂದರೆ ಒಂದೂವರೆ ಪಟ್ಟಿನಿಂದ ಆರಂಭಿಸಿ. ಫಾಂಟ್ ಒತ್ತುಗಳನ್ನು ಎಷ್ಟು ಕೆಳಗೆ ಇಳಿಸುತ್ತದೆ ಎಂಬುದನ್ನು ಕಣ್ಣಾರೆ ನೋಡಿ ಮುಂದೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಸಾಲುಗಳಲ್ಲಿ ಒತ್ತೇ ಇಲ್ಲದಿದ್ದರೆ ಅಂತರ ತಗ್ಗಿಸಬಹುದು. ಇದನ್ನು ಲೆಕ್ಕಕ್ಕಿಂತ ಕಣ್ಣಿಗೇ ಒಪ್ಪಿಸುವುದು ಒಳಿತು.

ಫಾಂಟ್‌ಗಳ ವಿಷಯದಲ್ಲಿ ಯೂನಿಕೋಡ್ ಫಾಂಟ್‌ಗಳನ್ನೇ, ಅಂದರೆ ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಸಂಕೇತಕ್ರಮದ ಫಾಂಟ್‌ಗಳನ್ನೇ, ಬಳಸಿ ಎಂದು ಹೇಳುತ್ತೇನೆ. ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ ಇವೆಲ್ಲ ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಮಕ್ಕಳ ಕಾರ್ಯಕ್ರಮಕ್ಕೆ ಬಾಲೂ ತಮ್ಮದ ದಪ್ಪ ದುಂಡು ಒಪ್ಪುತ್ತದೆ, ವಿವರಗಳ ಸಣ್ಣ ಸಾಲಿಗೆ ನೋಟೋ ಹೆಚ್ಚು ಸ್ಪಷ್ಟ. ಒಂದು ಪೋಸ್ಟರಿಗೆ ಎರಡಕ್ಕಿಂತ ಹೆಚ್ಚು ಬೇಡ. ಡಿಟಿಪಿ ಅಂಗಡಿಗಳಲ್ಲಿ ಹಳೆಯ ಆಸ್ಕಿ ಫಾಂಟ್‌ಗಳು ಇನ್ನೂ ಬಳಕೆಯಲ್ಲಿವೆ. ಅವುಗಳಲ್ಲಿ ಬೆರಳಚ್ಚಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಸಾಲುಗಟ್ಟುತ್ತವೆ. ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡದ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಗಾಬರಿ ಬೇಡ. ಅಕ್ಷರ ಜೋಡಣೆಯ ಆಯ್ಕೆಗಳಲ್ಲಿ ವರ್ಲ್ಡ್ ರೆಡಿ ಲೇಔಟ್ ಎಂಬುದನ್ನು ಆರಿಸಿದರೆ ಸರಿಹೋಗುತ್ತದೆ. ಇಂಕ್‌ಸ್ಕೇಪಿನಲ್ಲಿ ಇದರ ತೊಡಕಿಲ್ಲ.

ಕಾಗುಣಿತದ ಇನ್ನೊಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಕಡೆಗಣಿಸುವುದು ನನಗೆ ನೋವುಂಟುಮಾಡುತ್ತದೆ. ‘ರಾಜ್‌ಕುಮಾರ್’ ಎಂದು ಬರೆಯಬೇಕಾದಲ್ಲಿ ಕೀಲಿಗಳನ್ನು ಸುಮ್ಮನೆ ಒತ್ತುತ್ತ ಹೋದರೆ ‘ರಾಜ್ಕುಮಾರ್’ ಎಂದು ಜಕಾರಕ್ಕೆ ಕಕಾರ ಒತ್ತಾಗಿ ಕೂರುತ್ತದೆ. ಅರ್ಧಾಕ್ಷರ ಹಾಗೆಯೇ ನಿಲ್ಲಬೇಕಿದ್ದರೆ ನಡುವೆ ಕಣ್ಣಿಗೆ ಕಾಣದ ಬೇರ್ಪಡಿಕೆಯ ಚಿಹ್ನೆಯೊಂದನ್ನು ಹಾಕಬೇಕು. ನೀವು ಬಳಸುವ ಕೀಲಿಮಣೆಯಲ್ಲಿ ಅದು ಯಾವ ಕೀಲಿಯಲ್ಲಿದೆ ಎಂದು ಮೊದಲ ದಿನವೇ ತಿಳಿದುಕೊಳ್ಳಿ. ಅತಿಥಿಗಳ ಹೆಸರುಗಳಲ್ಲಿಯೇ ಈ ತಪ್ಪು ಹೆಚ್ಚು ನುಸುಳುತ್ತದೆ.

ಬಣ್ಣ ಹಾಕಿದ ಮೇಲೆ ಎರಡು ಪರೀಕ್ಷೆ ಮಾಡಿ. ಪೋಸ್ಟರಿನ ಒಂದು ಪ್ರತಿಯನ್ನು ಪೂರ್ತಿ ಬೂದುಬಣ್ಣಕ್ಕೆ ತಿರುಗಿಸಿ ನೋಡಿ. ಆಗಲೂ ಶೀರ್ಷಿಕೆ ಹಿನ್ನೆಲೆಯಿಂದ ಎದ್ದು ಕಾಣುತ್ತಿದ್ದರೆ ಬಣ್ಣಗಳ ನಡುವಿನ ಅಂತರ ಸಾಕಷ್ಟಿದೆ ಎಂದರ್ಥ. ಆಮೇಲೆ ಅದನ್ನು ಎ4 ಹಾಳೆಯ ಮೇಲೆ ಶೇ 71ರಷ್ಟು ಗಾತ್ರದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ, ಕೋಣೆಯ ಆ ತುದಿಯಿಂದ ಓದಿ. ಪರದೆಯ ಬೆಳಕಿನಲ್ಲಿ ಹೊಳೆಯುವ ಕಡುನೀಲಿ ಶಾಯಿಯಲ್ಲಿ ನೇರಳೆಗೆ ತಿರುಗುವುದು ಸಾಮಾನ್ಯ, ಏಕೆಂದರೆ ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಕೂಡಿಸುತ್ತದೆ, ಮುದ್ರಣ ನಾಲ್ಕು ಶಾಯಿಗಳಿಂದ ನಡೆಯುತ್ತದೆ. ಆದ್ದರಿಂದ ಬಣ್ಣದ ತೀರ್ಮಾನ ಕಾಗದದ ಮೇಲೆಯೇ ಆಗಲಿ.

ಮೂರನೆಯ ಕೆಲಸ: ಮನೆಯ ಹಳೆಯ ಫೋಟೋ

ಇದರಲ್ಲಿ ಹೇಳುವುದು ಕಡಿಮೆ, ತಾಳ್ಮೆ ಹೆಚ್ಚು ಬೇಕು. 4 ಇಂಚು ಅಗಲ, 6 ಇಂಚು ಉದ್ದದ ಫೋಟೋವನ್ನು ಇಂಚಿಗೆ 600 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದರೆ 2400 ಅಡ್ಡ, 3600 ಉದ್ದದ ಚಿತ್ರ ಸಿಗುತ್ತದೆ; ಇಂಚಿಗೆ 300ರಂತೆ ಮುದ್ರಿಸಿದಾಗ 8 ಇಂಚು ಅಗಲ, 12 ಇಂಚು ಉದ್ದಕ್ಕೆ ಸರಿಯಾಗಿ ಬರುತ್ತದೆ. ಸ್ಕ್ಯಾನ್ ಆದ ಕಡತವನ್ನು ಟಿಫ್ ರೂಪದಲ್ಲಿ ಮುಟ್ಟದೆ ಎತ್ತಿಡಿ. ಗಿಂಪಿನಲ್ಲಿ ಅದರ ಪ್ರತಿಯನ್ನು ತೆರೆದು, ಮೇಲೊಂದು ಪಾರದರ್ಶಕ ಲೇಯರ್ (ಪದರ) ಸೇರಿಸಿ, ಕಲೆಗಳನ್ನು ಮುಚ್ಚುವ ಹೀಲಿಂಗ್ ಸಲಕರಣೆಯಲ್ಲಿ, ಅಡಿಯ ಪದರಗಳಿಂದಲೂ ಬಣ್ಣ ತೆಗೆದುಕೊಳ್ಳುವ ಸ್ಯಾಂಪಲ್ ಮರ್ಜ್ಡ್ ಆಯ್ಕೆಯನ್ನು ಹಾಕಿಕೊಂಡು ಆ ಲೇಯರ್ ಮೇಲಷ್ಟೇ ತಿದ್ದಿ. ತಪ್ಪಾದರೆ ಆ ಭಾಗವನ್ನು ಅಳಿಸಬಹುದು, ಮೂಲ ಹಾಗೆಯೇ ಇರುತ್ತದೆ. ಗೀರು, ಮಡಿಕೆ, ಗೆದ್ದಲಿನ ಗುರುತು ಇವನ್ನು ತೆಗೆಯಿರಿ. ಅಜ್ಜಿಯ ಮುಖದ ಸುಕ್ಕುಗಳನ್ನು, ಸೀರೆಯ ಅಂಚಿನ ಜರಿಯನ್ನು ನುಣುಪು ಮಾಡಬೇಡಿ. ಅವು ಫೋಟೋದ ದೋಷಗಳಲ್ಲ.

ಒಪ್ಪಿಸುವ ಮೊದಲು

ಕೆಲವು ವರ್ಷಗಳ ಹಿಂದೆ ಒಂದು ಮುದ್ರಣಾಲಯಕ್ಕೆ ನಾನೇ ಆಮಂತ್ರಣ ಪತ್ರಿಕೆಯೊಂದರ ಕಡತವನ್ನು ಫಾಂಟ್ ಜೊತೆಗಿಡದೆ ಕಳುಹಿಸಿದ್ದೆ. ಅಲ್ಲಿನ ಕಂಪ್ಯೂಟರ್ ಬೇರೆ ಫಾಂಟ್ ಹಾಕಿಕೊಂಡು, ಸಾಲುಗಳು ಮುರಿದು, ಕಾರ್ಯಕ್ರಮದ ವೇಳೆಯನ್ನು ಹೇಳುವ ಸಾಲು ಚೌಕಟ್ಟಿನ ಹೊರಗೆ ಹೋಗಿತ್ತು; ಅದನ್ನು ಗಮನಿಸುವಷ್ಟರಲ್ಲಿ ಅಷ್ಟೂ ಪ್ರತಿಗಳು ಅಚ್ಚಾಗಿ ಬಂದಿದ್ದವು. ಅಂದಿನಿಂದ ಪ್ರತಿ ಕೆಲಸಕ್ಕೂ ಎರಡು ಕಡತಗಳನ್ನು ಉಳಿಸುತ್ತೇನೆ. ಅಕ್ಷರಗಳನ್ನು ತಿದ್ದಬಹುದಾದ ಮೂಲ ಕಡತ ಒಂದು. ಪಾತ್ ಪಟ್ಟಿಯ ಆಬ್ಜೆಕ್ಟ್ ಟು ಪಾತ್ ಆಜ್ಞೆಯಿಂದ ಅಕ್ಷರಗಳನ್ನೆಲ್ಲ ಆಕೃತಿಗಳಾಗಿಸಿ, ಪಿಡಿಎಫ್ ಮಾಡಿದ ಮುದ್ರಣದ ಕಡತ ಇನ್ನೊಂದು. ಆಕೃತಿಯಾದ ಮೇಲೆ ಒಂದು ದೀರ್ಘವನ್ನೂ ತಿದ್ದಲಾಗದು, ಆದ್ದರಿಂದ ಕಾಗುಣಿತವನ್ನು ಅದಕ್ಕೆ ಮುಂಚೆಯೇ ಬೇರೊಬ್ಬರಿಂದ ಓದಿಸಿ. ಬರೆದವರ ಕಣ್ಣು ತನ್ನ ತಪ್ಪನ್ನು ದಾಟಿಕೊಂಡು ಹೋಗುತ್ತದೆ.

ಮೂರು ಕೆಲಸಗಳ ಜೊತೆಗೂ ಗ್ರಾಫ್ ಹಾಳೆ, ಪೆನ್ಸಿಲಿನ ಕರಡು, ಬೂದುಬಣ್ಣದ ಪರೀಕ್ಷೆಯ ಪ್ರತಿ ಇವುಗಳನ್ನು ಸೇರಿಸಿ, ಯಾವ ಅಳತೆಯನ್ನು ಏಕೆ ಆರಿಸಿದಿರಿ ಎಂದು ಅರ್ಧ ಪುಟ ಬರೆಯಿರಿ. ‘ಚೆನ್ನಾಗಿ ಕಾಣುತ್ತದೆಂದು ಕೆಂಪು ಹಾಕಿದೆ’ ಎಂದಷ್ಟೇ ಬರೆದರೆ ಸಾಲದು. ‘ಅರಿವು ಕೇಂದ್ರದ ಗೋಡೆ ತಿಳಿಹಸಿರಾಗಿದ್ದರಿಂದ ಪೋಸ್ಟರಿಗೆ ಕೆಂಪು ನೆಲವನ್ನು ಆರಿಸಿದೆ’ ಎಂದು ಬರೆದರೆ ಓದುವ ಅಧ್ಯಾಪಕರಿಗೆ ನಿಮ್ಮೊಡನೆ ಚರ್ಚಿಸಲು ಎಡೆ ಸಿಗುತ್ತದೆ. ಆ ಬಣ್ಣವನ್ನು ಬರೆಯುವ ಮೊದಲು ಒಮ್ಮೆ ಹೋಗಿ ಆ ಗೋಡೆಯನ್ನು ನೋಡಿ ಬನ್ನಿ, ಟೇಪು ಜೊತೆಗಿರಲಿ.